ನೀರೋ, ಗಟ್ಟಿಯೋ?

ಸಂಪಿಗೆಯ ನಮ್ಮತ್ತೆ ಮನೆಯ ಅಟ್ಟ ಹತ್ತಿದರೆ ಕಾಲಿಡಲು ಜಾಗವಿರುವುದಿಲ್ಲ. ಗೋಡೆಯಿಂದ ಗೋಡೆಗೆ ಕಾಯಿ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಉಂಡೆ ಕೊಬ್ಬರಿ ಹುಟ್ಟುವುದು ಹೀಗೆಯೇ. ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೇರಿಸಿ ಹತ್ತು ಹನ್ನೊಂದು ತಿಂಗಳು ಬಿಟ್ಟರೆ ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಯಾವುದು ಆಗಿದೆ, ಯಾವುದು ಆಗಿಲ್ಲ ಎಂದು ತಿಳಿಯಲು ಅತ್ತೆ ಒಂದನ್ನೂ ಒಡೆಯುವುದಿಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಬುಳಕ್ ಎಂದರೆ "ಇನ್ನೂ ನೀರೈತೆ." ಲೊಟಲೊಟ ಎಂದರೆ "ಇದು ಗಿಟುಕಾಗೈತೆ, ಈ ಕಡೆ ಹಾಕು."

ಕಾಯಿಂದ ಪರೀಕ್ಷೆ ಮಾಡುವ ಕಥೆಯೊಂದು ಈ ಊರಿಗೂ ಅಂಟಿಕೊಂಡಿದೆ. ಪುರಾಣದ ರಾಜ ಹಂಸಧ್ವಜನ ಚಂಪಕಾಪುರಿ ತಮ್ಮೂರೇ ಎಂದು ಸಂಪಿಗೆಯವರು ಹೇಳುತ್ತಾರೆ. ಅವನ ಮಗ ಸುಧನ್ವನನ್ನು ಹಾಕಿದ ಕೊಪ್ಪರಿಗೆಯ ಎಣ್ಣೆ ನಿಜವಾಗಿ ಕಾದಿದೆಯೋ ಇಲ್ಲವೋ ಎಂದು ನೋಡಲು ಪುರೋಹಿತರು ತೆಂಗಿನಕಾಯಿ ಎಸೆದರಂತೆ. ಅದು ಸಿಡಿದು ಅವರ ಹಣೆಗೇ ಬಡಿಯಿತಂತೆ. ಪರೀಕ್ಷಿಸಿದವರಿಗೇ ಪೆಟ್ಟು ಬಿದ್ದ ಪ್ರಸಂಗ ಈ ಲೇಖನದಲ್ಲಿ ಮುಂದೆಯೂ ಬರುತ್ತದೆ.

ಹೆಂಗಸಿನ ಕಿಬ್ಬೊಟ್ಟೆಯಲ್ಲಿ ಏನೋ ಕೈಗೆ ಸಿಕ್ಕಾಗ ವೈದ್ಯರ ಮುಂದೆ ನಿಲ್ಲುತ್ತಿದ್ದುದೂ ಅತ್ತೆಯ ಪ್ರಶ್ನೆಯೇ. ಗರ್ಭಕೋಶದ ಸ್ನಾಯುವಿನಲ್ಲೇ ಬೆಳೆದ ಗಟ್ಟಿ ಗಂಟು ಫೈಬ್ರಾಯ್ಡ್. ನಮ್ಮ ಕಡೆ 'ಗಡ್ಡೆ' ಅಂದರೆ ಸಾಮಾನ್ಯವಾಗಿ ಅದೇ. ಅಂಡಾಶಯದಲ್ಲಿ ನೀರು ತುಂಬಿಕೊಂಡ ಚೀಲ ಸಿಸ್ಟ್, ಅಂದರೆ ನೀರುಗುಳ್ಳೆ. ಎರಡೂ ಬಹುಪಾಲು ಕ್ಯಾನ್ಸರ್ ಅಲ್ಲ. ಎರಡರ ದಾರಿ ಮಾತ್ರ ಬೇರೆ ಬೇರೆ. ಯಾವುದು ಯಾವುದೆಂದು ಹೊಟ್ಟೆ ಕೊಯ್ಯದೆ ತಿಳಿಯುವ ಉಪಾಯ ಬಹುಕಾಲ ಯಾರ ಬಳಿಯೂ ಇರಲಿಲ್ಲ.

1809ರ ಡಿಸೆಂಬರಿನಲ್ಲಿ ಅಮೆರಿಕದ ಕೆಂಟಕಿಯ ಹಳ್ಳಿ ವೈದ್ಯ ಎಫ್ರೈಮ್ ಮೆಕ್‌ಡೋವೆಲ್ ಹತ್ತಿರಕ್ಕೆ ಜೇನ್ ಟಾಡ್ ಕ್ರಾಫರ್ಡ್ ಎಂಬ ಹೆಂಗಸು ಕುದುರೆಯ ಮೇಲೆ ಬಂದಳು. ಹೊಟ್ಟೆಯಲ್ಲಿರುವುದು ಅವಳಿ ಎಂದುಕೊಂಡಿದ್ದವಳು. ಮೆಕ್‌ಡೋವೆಲ್ ಮೊದಲೇ ಕೈಯಿಟ್ಟು ನೋಡಿ ಇದು ಬಸಿರಲ್ಲ, ಗಡ್ಡೆ ಎಂದಿದ್ದ. ಅರಿವಳಿಕೆ ಇಲ್ಲದ ಕಾಲ. ಸುಮಾರು 25 ನಿಮಿಷದಲ್ಲಿ ಹತ್ತು ಕಿಲೋದಷ್ಟು ಅಂಡಾಶಯದ ಗಡ್ಡೆ ಹೊರಬಂತು, ಅವಳು ಪ್ರಾರ್ಥನೆಯ ಹಾಡು ಹೇಳಿಕೊಳ್ಳುತ್ತಾ ಮಲಗಿದ್ದಳು. ಆಮೇಲೆ 32 ವರ್ಷ ಬದುಕಿದಳು. ಅವನ ಕೈಚಳಕವನ್ನು ಎಲ್ಲರೂ ಹೊಗಳುತ್ತಾರೆ. ನನಗೆ ದೊಡ್ಡದಾಗಿ ಕಾಣುವುದು ಅದಕ್ಕೂ ಮೊದಲು ಅವನ ಬೆರಳುಗಳು ಹೇಳಿದ ಮಾತು.

ಆ ಬೆರಳುಗಳ ಭಾಷೆ ಇಂದಿಗೂ ಪೂರ್ತಿ ಹೋಗಿಲ್ಲ. ಗಡ್ಡೆಯಿಂದ ಉಬ್ಬಿದ ಗರ್ಭಕೋಶವನ್ನು ವೈದ್ಯರು 'ಹನ್ನೆರಡು ವಾರದ ಸೈಜು', 'ಹದಿನಾರು ವಾರದ ಸೈಜು' ಎಂದು ಬಸಿರಿನ ಲೆಕ್ಕದಲ್ಲಿಯೇ ಬರೆಯುತ್ತಾರೆ. ಬೆಂಗಳೂರಿನಲ್ಲಿ 1935ರಲ್ಲಿ ತೆರೆದ ವಾಣಿವಿಲಾಸ ಆಸ್ಪತ್ರೆಯ ಮೊದಲ ತಲೆಮಾರಿನ ವೈದ್ಯರಿಗೂ ದೊಡ್ಡ ಸಾಧನವೆಂದರೆ ಕೈಯೇ. ನಮ್ಮ ಪತ್ರಿಕೆಗಳು ಬಸಿರಿನ ಲೆಕ್ಕ ಬಿಟ್ಟು ಹಣ್ಣುಕಾಯಿಯ ಲೆಕ್ಕ ಹಿಡಿದವು; 'ತೆಂಗಿನಕಾಯಿ ಗಾತ್ರದ ಗಡ್ಡೆ ಹೊರತೆಗೆದ ವೈದ್ಯರು' ಎಂಬ ಶೀರ್ಷಿಕೆ ಓದಿದಾಗೆಲ್ಲ ಅತ್ತೆ ಕೇಳುವುದು ಒಂದೇ: ಸಿಪ್ಪೆ ಸಮೇತಾನೋ, ಸುಲಿದದ್ದೋ?

1895ರಲ್ಲಿ ರಾಂಟ್‌ಜನ್ ಕಂಡುಹಿಡಿದ ಎಕ್ಸ್‌ರೇ ಎಲುಬನ್ನು ತೋರಿಸಿತು, ಆದರೆ ನೀರಿಗೂ ಮಾಂಸಕ್ಕೂ ಅದು ಭೇದ ಮಾಡಲಿಲ್ಲ. ಅದರ ಫಿಲ್ಮಿನಲ್ಲಿ ಎರಡೂ ಒಂದೇ ಬೂದಿ. ಹಳೆಯದಾಗಿ ಸುಣ್ಣ ಕಟ್ಟಿದ ಫೈಬ್ರಾಯ್ಡ್ ಜೋಳದ ಅರಳಿನಂತೆ ಬೆಳ್ಳಗೆ ಕಂಡರೆ ವೈದ್ಯರ ಅದೃಷ್ಟ. ಡರ್ಮಾಯ್ಡ್ ಎಂಬ ವಿಚಿತ್ರ ಸಿಸ್ಟ್ ಒಂದಿದೆ, ಅದರೊಳಗೆ ಕೂದಲು, ಕೊಬ್ಬು, ಕೆಲವೊಮ್ಮೆ ಹಲ್ಲು ಬೆಳೆದಿರುತ್ತದೆ. ಕಿಬ್ಬೊಟ್ಟೆಯ ಎಕ್ಸ್‌ರೇಯಲ್ಲಿ ದವಡೆ ಹಲ್ಲು ಕಂಡು ಬೆಚ್ಚಿದ ವೈದ್ಯರು ಎಷ್ಟು ಜನವೋ. 1914ರಿಂದ ಗರ್ಭಕೋಶದೊಳಕ್ಕೆ ಎಕ್ಸ್‌ರೇಗೆ ಕಾಣುವ ದ್ರವ ಹಾಯಿಸಿ ಚಿತ್ರ ತೆಗೆಯುವ ಪದ್ಧತಿ ಬಂತು. ಮಕ್ಕಳಾಗದವರಿಗೆ ನಾಳ ತೆರೆದಿದೆಯೇ ಎಂದು ನೋಡಲು ಅದನ್ನು ಇವತ್ತೂ ಮಾಡುತ್ತಾರೆ. ಅದರಲ್ಲಿ ಕಾಣುವುದು ಒಳಗಿನ ಪೊಳ್ಳಿನ ಆಕಾರ ಮಾತ್ರ. ಗೋಡೆಯಲ್ಲಿ ಹುದುಗಿದ ಗಂಟಾಗಲಿ, ಪಕ್ಕದ ಅಂಡಾಶಯವಾಗಲಿ ಕಾಣುವುದಿಲ್ಲ.

ಉತ್ತರ ಬಂದದ್ದು ಬಾಯ್ಲರ್ ಕಾರ್ಖಾನೆಯಿಂದ. ಗ್ಲಾಸ್ಗೋ ವಿಶ್ವವಿದ್ಯಾಲಯದ ಹೆರಿಗೆ ಶಾಸ್ತ್ರದ ಪ್ರಾಧ್ಯಾಪಕ ಇಯಾನ್ ಡೊನಾಲ್ಡ್ ಯುದ್ಧಕಾಲದಲ್ಲಿ ವಾಯುಪಡೆಯಲ್ಲಿದ್ದವನು, ರೇಡಾರ್, ಸೋನಾರ್‌ಗಳ ರುಚಿ ಹತ್ತಿದವನು. ಊರ ಪಕ್ಕದ ರೆನ್‌ಫ್ರೂನಲ್ಲಿ ಬ್ಯಾಬ್‌ಕಾಕ್ ಅಂಡ್ ವಿಲ್‌ಕಾಕ್ಸ್ ಎಂಬ ಬಾಯ್ಲರ್ ಕಂಪನಿ ಬೆಸುಗೆಯಲ್ಲಿ ಬಿರುಕಿದೆಯೇ ಎಂದು ಶಬ್ದದ ಅಲೆ ಹಾಯಿಸಿ ನೋಡುತ್ತಿತ್ತು. ಕಬ್ಬಿಣದ ಬಿರುಕು ಕಾಣುವುದಾದರೆ ಮಾಂಸದ ಗಂಟು ಏಕೆ ಕಾಣಬಾರದು? 1955ರ ಜುಲೈ 21ರಂದು ಡೊನಾಲ್ಡ್ ಆಗಷ್ಟೇ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಫೈಬ್ರಾಯ್ಡ್‌ಗಳನ್ನೂ ಅಂಡಾಶಯದ ಸಿಸ್ಟ್‌ಗಳನ್ನೂ ಎರಡು ಕಾರುಗಳ ಡಿಕ್ಕಿಯಲ್ಲಿ ತುಂಬಿಕೊಂಡು ಕಾರ್ಖಾನೆಗೆ ಹೋದ. ಹೋಲಿಸಿ ನೋಡಲು ಕಂಪನಿಯವರು ದನದ ಮಾಂಸದ ದೊಡ್ಡ ತುಂಡೊಂದನ್ನು ತರಿಸಿಟ್ಟಿದ್ದರು. ಲೋಹ ಪರೀಕ್ಷಿಸುವ ಯಂತ್ರವನ್ನು ಒಂದೊಂದಕ್ಕೂ ಹಿಡಿದರು. ಸಿಸ್ಟ್‌ನ ಮುಂದಿನ ಗೋಡೆಯಿಂದ ಒಂದು ಮಾರ್ದನಿ, ಹಿಂದಿನ ಗೋಡೆಯಿಂದ ಇನ್ನೊಂದು, ನಡುವೆ ಪೂರ್ತಿ ಮೌನ, ಅದು ನೀರು. ಫೈಬ್ರಾಯ್ಡ್‌ನಲ್ಲಿ ಒಳಗೆಲ್ಲ ಗಿಜಿಗಿಜಿ ಮಾರ್ದನಿ, ಆಳಕ್ಕೆ ಹೋದಂತೆ ಶಬ್ದವೇ ಸೋತು ಹೋಗುತ್ತಿತ್ತು; ಅದು ಗಟ್ಟಿ.

ಜಗತ್ತಿನ ಹೆರಿಗೆ ಸ್ಕ್ಯಾನಿಂಗ್ ಎಲ್ಲ ಈ ಕಾರಿನ ಡಿಕ್ಕಿಯಿಂದ ಹೊರಟದ್ದು. ಮಗುವಿನ ಚಿತ್ರಕ್ಕಾಗಿ ಈ ವಿದ್ಯೆ ಹುಟ್ಟಿತೆಂದು ಎಲ್ಲರೂ ತಿಳಿದಿದ್ದಾರೆ, ಅದು ತಪ್ಪು. ಮೊದಲು ನೋಡಿದ್ದು ಗಡ್ಡೆ ಮತ್ತು ನೀರುಗುಳ್ಳೆ. ಮಗು ಆಮೇಲೆ ಸಿಕ್ಕಿತು.

ಮುಂದಿನ ಮೂರು ವರ್ಷ ಜಗ್ಗಾಟ. ಯಾರೋ ವೈದ್ಯನೊಬ್ಬ ಲೋಹದ ಯಂತ್ರವನ್ನು ಮನುಷ್ಯರಿಗೆ ಹಿಡಿಯುತ್ತಿದ್ದಾನೆಂದು ಕೇಳಿ ಕೆಲ್ವಿನ್ ಅಂಡ್ ಹ್ಯೂಸ್ ಕಂಪನಿಯ ಹುಡುಗ ಎಂಜಿನಿಯರ್ ಟಾಮ್ ಬ್ರೌನ್ ತಾನೇ ಫೋನ್ ಮಾಡಿ ಡೊನಾಲ್ಡ್‌ನ ಗೆಳೆತನ ಕಟ್ಟಿದ. ಏರಿಳಿವ ಗೆರೆಯಾಗಿದ್ದ ಮಾರ್ದನಿಯನ್ನು ಅವನ ಯಂತ್ರ ಅಡ್ಡಸೀಳಿನ ಚಿತ್ರವಾಗಿ ಮೂಡಿಸಿತು. ಆಗಲೇ ಹೊಟ್ಟೆ ಉಬ್ಬಿದ ಹೆಂಗಸೊಬ್ಬಳು ಬಂದಳು. ಹೊಟ್ಟೆಯ ಕ್ಯಾನ್ಸರ್, ಇನ್ನು ಆಗದು ಎಂದು ಕೈಚೆಲ್ಲಿದ್ದ ರೋಗಿ. ಡೊನಾಲ್ಡ್ ತಂಡ ಯಂತ್ರವಿಟ್ಟು ನೋಡಿದರೆ ಒಳಗಿದ್ದದ್ದು ಒಂದೇ ದೊಡ್ಡ ನೀರಿನ ಚೀಲ, ಅಂಡಾಶಯದ್ದು. ತೆಗೆದರು, ಅವಳು ಉಳಿದಳು. ನಕ್ಕವರ ಬಾಯಿ ಅಲ್ಲಿಗೆ ಮುಚ್ಚಿತೆಂದು ಡೊನಾಲ್ಡ್ ಕಡೆಯವರು ಹೇಳಿಕೊಳ್ಳುತ್ತಿದ್ದರು. 1958ರ ಜೂನ್ 7ರ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಡೊನಾಲ್ಡ್, ಮ್ಯಾಕ್‌ವಿಕಾರ್, ಬ್ರೌನ್ ಮೂವರ ಲೇಖನ ಬಂತು. ಅದರ ವಿಷಯ ಕೂಡ ಹೊಟ್ಟೆಯ ಗಡ್ಡೆಗಳೇ.

ಇನ್ನೊಂದು ತೊಡಕಿತ್ತು, ಕರುಳಿನ ಗಾಳಿ. ಗಾಳಿಯಲ್ಲಿ ಈ ಶಬ್ದ ಮುಂದೆ ಹೋಗದು. 1963ರಲ್ಲಿ ಡೊನಾಲ್ಡ್ ಕಂಡುಕೊಂಡ ಉಪಾಯ, ಮೂತ್ರಕೋಶ ತುಂಬಿಸಿಬಿಡುವುದು: ಕರುಳು ಮೇಲೆ ಸರಿಯುತ್ತದೆ, ನೀರಿನ ಕಿಟಕಿಯಿಂದ ಗರ್ಭಕೋಶ ಕಾಣುತ್ತದೆ. ತಿಪಟೂರಿನ ಯಾವ ಸ್ಕ್ಯಾನಿಂಗ್ ಸೆಂಟರಿಗೆ ಹೋದರೂ ಆ 1963 ಇನ್ನೂ ಬೆಂಚಿನ ಮೇಲೆ ಕೂತಿರುತ್ತದೆ. ಕೈಯಲ್ಲಿ ಲೀಟರ್ ಬಾಟಲಿ, ಮುಖದಲ್ಲಿ ಸಂಕಟ. ಒಳಗಿನಿಂದ ಹುಡುಗಿ ಕೂಗುತ್ತಾಳೆ, "ಯಾರಿಗೆ ಯೂರಿನ್ ಟೈಟ್ ಆಯ್ತು?"

ಎಪ್ಪತ್ತರ ದಶಕದಲ್ಲಿ ಕಪ್ಪು-ಬಿಳಿ ಚುಕ್ಕೆಗಳ ಚಿತ್ರಕ್ಕೆ ಬೂದಿಯ ಹಲವು ಛಾಯೆ ಬಂದವು, ಚಿತ್ರ ಕಣ್ಣೆದುರೇ ಅಲುಗಾಡತೊಡಗಿತು. ಎಂಬತ್ತರ ದಶಕದಲ್ಲಿ ಯೋನಿಯ ಮೂಲಕ ನೋಡುವ ಸಣ್ಣ ಪ್ರೋಬ್ ಬಳಕೆಗೆ ಬಂತು, ಟಿವಿಎಸ್ ಎನ್ನುತ್ತಾರೆ. ಅದಕ್ಕೆ ಮೂತ್ರಕೋಶ ಖಾಲಿ ಇರಬೇಕು. ಗರ್ಭಕೋಶ ಬೆರಳಳತೆಯಲ್ಲಿ ಇರುವುದರಿಂದ ಹೆಚ್ಚು ಕಂಪನದ ಶಬ್ದ ಬಳಸಬಹುದು, ಚಿತ್ರ ತೀರ ಸ್ಪಷ್ಟ. ಆದರೆ ಮದುವೆಯಾಗದ ಹುಡುಗಿಯರಿಗೆ ನಮ್ಮಲ್ಲಿ ಇದನ್ನು ಮಾಡುವುದಿಲ್ಲ, ಮದುವೆಯಾದವರೂ ಎಷ್ಟೋ ಜನ ಒಲ್ಲೆನ್ನುತ್ತಾರೆ. ಹೆಂಗಸು ತನ್ನ ಮೈಯ ಬಗ್ಗೆ ಬಾಯಿ ಬಿಟ್ಟು ಕೇಳಲಿ ಎಂದೇ ವೈದ್ಯೆ ಅನುಪಮಾ ನಿರಂಜನ ಕನ್ನಡದಲ್ಲಿ 'ಸ್ತ್ರೀ ಸ್ವಾಸ್ಥ್ಯ ಸಂಹಿತೆ' ಬರೆದರು. ಪುಸ್ತಕ ಮನೆಮನೆಗೆ ಹೋಯಿತು, ಸಂಕೋಚ ಮನೆ ಬಿಟ್ಟು ಹೋಗಲಿಲ್ಲ.

ನಮ್ಮ ಸೀಮೆಗೆ ದೊಡ್ಡ ಆಸ್ಪತ್ರೆ ಹತ್ತಿರವಾದದ್ದು ಅದೇ ಹೊತ್ತಿಗೆ. ಬಿ.ಜಿ. ನಗರದಲ್ಲಿ ಆದಿಚುಂಚನಗಿರಿ ವೈದ್ಯಕೀಯ ಕಾಲೇಜು 1986ರಲ್ಲಿ, ತುಮಕೂರಿನಲ್ಲಿ ಸಿದ್ಧಾರ್ಥ ವೈದ್ಯಕೀಯ ಕಾಲೇಜು 1988ರಲ್ಲಿ ಆರಂಭವಾದವು. 1990ರಲ್ಲಿ ವಿಪ್ರೊ ಮತ್ತು ಜಿಇ ಸೇರಿ ಬೆಂಗಳೂರಿನಲ್ಲಿ ಕಂಪನಿ ಕಟ್ಟಿ ಸ್ಕ್ಯಾನಿಂಗ್ ಯಂತ್ರ ತಯಾರಿಸತೊಡಗಿದವು. ಯಂತ್ರ ತಾಲ್ಲೂಕಿಗೆ ಇಳಿಯಿತು. ಜೊತೆಗೆ ಅದರ ದುರುಪಯೋಗವೂ. ಭ್ರೂಣಲಿಂಗ ಪತ್ತೆ ತಡೆಯಲು 1994ರಲ್ಲಿ ಕಾಯ್ದೆಯಾಯಿತು, 1996ರ ಜನವರಿ 1ರಿಂದ ಜಾರಿ, 2003ರಲ್ಲಿ ತಿದ್ದುಪಡಿ. ಪ್ರತಿ ಯಂತ್ರಕ್ಕೂ ನೋಂದಣಿ, ಗೋಡೆಯ ಮೇಲೆ 'ಇಲ್ಲಿ ಲಿಂಗ ಪತ್ತೆ ಮಾಡಲಾಗುವುದಿಲ್ಲ' ಎಂಬ ಬೋರ್ಡು. ಇಷ್ಟಾದರೂ 2023ರಲ್ಲಿ ಪಕ್ಕದ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಪೋರ್ಟಬಲ್ ಯಂತ್ರ ಇಟ್ಟುಕೊಂಡು ಭ್ರೂಣ ನೋಡುತ್ತಿದ್ದ ಜಾಲ ಸಿಕ್ಕಿಬಿತ್ತು. ಬೆಲ್ಲ ಕಾಯಿಸುವ ಜಾಗದಲ್ಲಿ ಇಂಥದ್ದು! ಕಾಯ್ದೆ ಬೇಕೇಬೇಕು. ಅದರ ಬಿಸಿ ಗಡ್ಡೆಯ ರೋಗಿಗೂ ತಟ್ಟುತ್ತದೆ ಎಂಬುದೂ ನಿಜ: ಯಂತ್ರವನ್ನು ಬಸ್ಸಿನಲ್ಲಿ ಹಾಕಿಕೊಂಡು ಹಳ್ಳಿಗೆ ಹೋಗುವಂತಿಲ್ಲ, ಹೆಂಗಸೇ ಯಂತ್ರವಿದ್ದಲ್ಲಿಗೆ ಬರಬೇಕು. ಸಂಪಿಗೆಯವಳಿಗೆ ಅದು ಒಂದು ದಿನದ ಕೂಲಿ.

ಈ ಹೊತ್ತಿಗೆ ಮೊದಲ ಪ್ರಶ್ನೆ ತೀರಿತ್ತು. ನೀರೋ ಗಟ್ಟಿಯೋ ಎಂಬುದನ್ನು ಮೂರು ತಿಂಗಳು ಕಲಿತವರೂ ಹೇಳಬಲ್ಲರು. ಯಂತ್ರದ ತೆರೆಯ ಮೇಲೆ ನೀರು ಕಪ್ಪಾಗಿ ಕಾಣುತ್ತದೆ, ಅದರ ಹಿಂದಿನ ಜಾಗ ಬೆಳ್ಳಗೆ ಹೊಳೆಯುತ್ತದೆ. ಶಬ್ದ ಸವೆಯದೆ ದಾಟಿ ಹೋದ ಗುರುತು. ಫೈಬ್ರಾಯ್ಡ್ ಬೂದಿ ಗಂಟು, ಹಿಂದೆ ನೆರಳಿನ ಪಟ್ಟಿಗಳು. ಕಷ್ಟವಾದದ್ದು ಎರಡನೆಯ ಪ್ರಶ್ನೆ: ಇದ್ದರೆ ಏನು ಮಾಡಬೇಕು? ಕಳೆದ ಮೂವತ್ತು ವರ್ಷದ ನಿಜವಾದ ಬೆಳವಣಿಗೆ ಯಂತ್ರದ್ದಲ್ಲ, ಕಂಡದ್ದನ್ನು ಹೇಗೆ ಹೆಸರಿಸಬೇಕು ಎಂಬ ಭಾಷೆಯದು ಎಂದು ನನ್ನ ಅಭಿಪ್ರಾಯ.

ನೀರುಗುಳ್ಳೆಯನ್ನೇ ನೋಡಿ. ಪ್ರತಿ ತಿಂಗಳು ಅಂಡ ಬಿಡುವ ಮುನ್ನ ಆರೋಗ್ಯವಂತ ಹೆಣ್ಣಿನ ಅಂಡಾಶಯದಲ್ಲಿ ಎರಡು, ಎರಡೂವರೆ ಸೆಂಟಿಮೀಟರ್‌ನ ನೀರಿನ ಗುಳ್ಳೆ ಇದ್ದೇ ಇರುತ್ತದೆ. ಅದನ್ನೂ 'ಸಿಸ್ಟ್' ಎಂದು ಬರೆದುಕೊಟ್ಟ ರಿಪೋರ್ಟ್ ಹಿಡಿದು ಅಳುತ್ತಾ ಬಂದ ಹುಡುಗಿಯರನ್ನು ನಾನೇ ನೋಡಿದ್ದೇನೆ. ಒಳಗೆ ಜೇಡರ ಬಲೆಯಂತೆ ಎಳೆ ಕಂಡರೆ ರಕ್ತ ಕಟ್ಟಿದ ಗುಳ್ಳೆ, ಬಹುಪಾಲು ಒಂದೆರಡು ತಿಂಗಳಲ್ಲಿ ತಾನೇ ಕರಗುತ್ತದೆ. ಮಸುಕು ಗಾಜಿನಂತೆ ಒಂದೇ ಸಮನೆ ಮಬ್ಬಿದ್ದರೆ ಹಳೆ ರಕ್ತದ 'ಚಾಕೊಲೇಟ್ ಸಿಸ್ಟ್', ಅದು ಬೇರೆಯದೇ ಕಾಯಿಲೆಯ ಗುರುತು. ಗೋಡೆಯಿಂದ ಒಳಕ್ಕೆ ಗಟ್ಟಿ ಮೊಳಕೆಗಳು ಚಾಚಿ ಅವುಗಳಲ್ಲಿ ರಕ್ತ ಹರಿಯುತ್ತಿದ್ದರೆ ಆಗ ಕ್ಯಾನ್ಸರಿನ ಅನುಮಾನ. ಇದನ್ನೆಲ್ಲ ಎಲ್ಲರೂ ಒಂದೇ ಮಾತಿನಲ್ಲಿ ಬರೆಯಲಿ ಎಂದು ಯುರೋಪಿನ ವೈದ್ಯರು 1999ರಲ್ಲಿ ಐಯೋಟಾ ಎಂಬ ಗುಂಪು ಕಟ್ಟಿದರು. 2008ರಲ್ಲಿ ಅವರು ಕೊಟ್ಟ 'ಸರಳ ಸೂತ್ರ'ಗಳು ಐದು ಒಳ್ಳೆಯ ಲಕ್ಷಣ, ಐದು ಕೆಟ್ಟ ಲಕ್ಷಣ, ಅಷ್ಟೇ. ಸಾಧಾರಣ ಯಂತ್ರವೂ ಸಾಕು. ತಿಂಗಳು ನಿಲ್ಲದ ಹೆಂಗಸಿನಲ್ಲಿ ಐದು ಸೆಂಟಿಮೀಟರ್ ಮೀರದ ಬರೀ ನೀರಿನ ಸಿಸ್ಟ್‌ಗೆ ಮತ್ತೆ ಸ್ಕ್ಯಾನ್ ಕೂಡ ಬೇಡವೆಂಬುದು ಈಗ ರೇಡಿಯಾಲಜಿ ಬಲ್ಲವರ ಒಮ್ಮತ.

ಫೈಬ್ರಾಯ್ಡ್‌ಗೆ ಜಾಗವೇ ಮುಖ್ಯ. 2011ರಲ್ಲಿ ಫಿಗೊ ಎಂಬ ಅಂತರರಾಷ್ಟ್ರೀಯ ಸ್ತ್ರೀರೋಗ ಒಕ್ಕೂಟ ಅದಕ್ಕೆ ಸೊನ್ನೆಯಿಂದ ಎಂಟರವರೆಗೆ ನಂಬರು ಕೊಟ್ಟಿತು. ಒಳಪೊಳ್ಳಿನಲ್ಲಿ ಜೋತುಬಿದ್ದ ಸೊನ್ನೆ ನಂಬರಿನ ಗಡ್ಡೆ ನೆಲಗಡಲೆಯಷ್ಟಿದ್ದರೂ ಕೊಡಗಟ್ಟಲೆ ರಕ್ತ ಸುರಿಸಬಲ್ಲದು. ಹೊರಮೈಯಲ್ಲಿ ತೊಟ್ಟು ಹಿಡಿದು ನಿಂತ ಏಳನೇ ನಂಬರು ಕಿತ್ತಳೆಯಷ್ಟಾದರೂ ಸುಮ್ಮನೆ ಇರಬಹುದು. ತಿಂಗಳು ನಿಂತ ಮೇಲೆ ಬಹುಪಾಲು ಗಡ್ಡೆಗಳು ಒಣಗಿ ಕುಗ್ಗುತ್ತವೆ. ಇನ್ನು ಅಡಿನೋಮಯೋಸಿಸ್ ಎಂಬುದು ಗಡ್ಡೆಯೇ ಅಲ್ಲ, ಗರ್ಭಕೋಶದ ಒಳಪದರ ಗೋಡೆಯೊಳಕ್ಕೆ ಇಳಿದು ಇಡೀ ಗೋಡೆ ದಪ್ಪವಾಗುವುದು. ಒಳ್ಳೆಯ ಟಿವಿಎಸ್ ಅಥವಾ ಎಂಆರ್‌ಐ ಅದನ್ನು ಬೇರೆ ಮಾಡಿ ತೋರಿಸುತ್ತದೆ. ನಮ್ಮ ರಿಪೋರ್ಟುಗಳಲ್ಲಿ ಅದು 'ಬಲ್ಕಿ ಯೂಟರಸ್' ಎಂಬ ಎರಡು ಪದದಲ್ಲಿ ಮುಗಿದುಹೋಗುತ್ತದೆ. ಆ ಎರಡು ಪದ ಎಷ್ಟು ಜನರ ಗರ್ಭಕೋಶ ತೆಗೆಸಿದೆಯೋ.

ಇದು ಊಹೆಯ ಮಾತಲ್ಲ. 2015ರ ಸುಮಾರಿಗೆ ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ನಲವತ್ತು ದಾಟದ ಲಂಬಾಣಿ ಹೆಂಗಸರ ಗರ್ಭಕೋಶಗಳನ್ನು ಸಾಲಾಗಿ ತೆಗೆದಿದ್ದನ್ನು ಕರ್ನಾಟಕ ಜನಾರೋಗ್ಯ ಚಳವಳಿ ಬಯಲಿಗೆಳೆಯಿತು. ಹೊಟ್ಟೆನೋವು, ಬಿಳಿ ಹೋಗುವುದು ಎಂದು ಹೋದವರಿಗೆ ಕ್ಯಾನ್ಸರಿನ ಹೆದರಿಕೆ ಹುಟ್ಟಿಸಿದ್ದರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 3ರಷ್ಟು ಮಂದಿಗೆ ಗರ್ಭಕೋಶ ಇಲ್ಲ. ಇಂಥ ಶಸ್ತ್ರಚಿಕಿತ್ಸೆಗಳ ಮೇಲೆ ಕಣ್ಣಿಡುವ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಲಿ ಎಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲಿನಲ್ಲಿ ಹೇಳಬೇಕಾಯಿತು. ಚಿತ್ರ ಸುಳ್ಳು ಹೇಳಿರುವುದಿಲ್ಲ. ಗಡ್ಡೆ ಇರುವುದೇ ಕಂಡಿರುತ್ತದೆ. ಕಂಡದ್ದನ್ನು ತೀರ್ಪಿನಂತೆ ಓದಿ ಹೇಳುವಲ್ಲಿ ಮೋಸ.

ಸುಧನ್ವನ ಕಾಯಿ ಸಿಡಿದದ್ದು ಇಲ್ಲಿ. ಅಂಡಾಶಯದ ಕ್ಯಾನ್ಸರ್ ಮೊದಲೇ ಹಿಡಿಯಬಹುದೆಂದು ಬ್ರಿಟನ್ನಿನಲ್ಲಿ ತಿಂಗಳು ನಿಂತ ಎರಡು ಲಕ್ಷಕ್ಕೂ ಹೆಚ್ಚು ಆರೋಗ್ಯವಂತ ಹೆಂಗಸರನ್ನು 2001ರಿಂದ ಸೇರಿಸಿಕೊಂಡು ಒಂದು ಗುಂಪಿಗೆ ವರ್ಷವರ್ಷ ರಕ್ತಪರೀಕ್ಷೆ, ಒಂದು ಗುಂಪಿಗೆ ಸ್ಕ್ಯಾನ್ ಮಾಡಿದರು. 2021ರಲ್ಲಿ ಫಲಿತಾಂಶ ಬಂತು: ಎರಡೂ ಗುಂಪಿನಲ್ಲಿ ಸಾವು ಕಡಿಮೆಯಾಗಿರಲಿಲ್ಲ. ತೊಂದರೆಯೇ ಇಲ್ಲದವರ ಅಂಡಾಶಯವನ್ನು 'ಪ್ಯಾಕೇಜ್'ನಲ್ಲಿ ನೋಡಿಸುವ ಜಾಹೀರಾತುಗಳು ನಮ್ಮಲ್ಲಿ ಆಮೇಲೂ ನಿಂತಿಲ್ಲ.

ಅಂಡಾಶಯದಲ್ಲಿ ಸಣ್ಣ ಸಣ್ಣ ಕೋಶಗಳು ತುಂಬಿಕೊಳ್ಳುವ ಪಿಸಿಓಡಿಯದು ಇನ್ನೊಂದು ಕಥೆ. 1935ರಲ್ಲಿ ಸ್ಟೈನ್, ಲೆವೆಂತಾಲ್ ಇದನ್ನು ಗುರುತಿಸಿದಾಗ ಅಂಡಾಶಯ ನೋಡಲು ಹೊಟ್ಟೆ ತೆರೆಯಬೇಕಿತ್ತು. 2003ರಲ್ಲಿ ರಾಟರ್‌ಡ್ಯಾಮಿನಲ್ಲಿ ಸೇರಿದವರು ಒಂದು ಅಂಡಾಶಯದಲ್ಲಿ 12 ಸಣ್ಣ ಕೋಶ ಕಂಡರೆ ಅದನ್ನೂ ಒಂದು ಲಕ್ಷಣವೆಂದು ಎಣಿಸಬಹುದೆಂದರು. ಯಂತ್ರ ಚುರುಕಾದಂತೆ ಯಾರನ್ನು ನೋಡಿದರೂ 12 ಸಿಗತೊಡಗಿದವು. 2018ರಲ್ಲಿ ಅದನ್ನು 20ಕ್ಕೆ ಏರಿಸಿದರು. ಮೈನೆರೆದು ಎಂಟು ವರ್ಷವಾಗದ ಹುಡುಗಿಗೆ ಸ್ಕ್ಯಾನ್ ನೋಡಿ ಪಿಸಿಓಡಿ ಎನ್ನಲೇಬಾರದು ಎಂದೂ ಆಗಲೇ ಹೇಳಿದರು, ಆ ವಯಸ್ಸಿನ ಅಂಡಾಶಯವೇ ಹಾಗಿರುತ್ತದೆ. ತುರುವೇಕೆರೆಯ ಪಿಯುಸಿ ಹುಡುಗಿಯರ ಬ್ಯಾಗಿನಲ್ಲಿ ಆ ರಿಪೋರ್ಟ್ ಈಗಲೂ ಸಿಗುತ್ತದೆ.

ಎಂಆರ್‌ಐ, ರಕ್ತನಾಳ ಮುಚ್ಚಿ ಗಡ್ಡೆ ಒಣಗಿಸುವುದು, 2004ರಲ್ಲಿ ಅಮೆರಿಕ ಒಪ್ಪಿದ ಶಬ್ದದ ಬಿಸಿಯಿಂದಲೇ ಗಡ್ಡೆ ಸುಡುವ ವಿಧಾನ, ಇವೆಲ್ಲ ಬೆಂಗಳೂರಿಗೆ ಹೋಗಬಲ್ಲವರ ಮಾತು. 2002ರಲ್ಲಿ ಶುರುವಾದ ಟೆಲಿರೇಡಿಯಾಲಜಿ ಸೊಲ್ಯೂಷನ್ಸ್ ಬೆಂಗಳೂರಿನಲ್ಲಿ ಕೂತು ಅಮೆರಿಕದ ರಾತ್ರಿಯ ಸಿಟಿ, ಎಂಆರ್‌ಐಗಳನ್ನು ಓದಿ ಕಳಿಸಿತು. ಅಲ್ಟ್ರಾಸೌಂಡ್ ಹಾಗೆ ದೂರದಿಂದ ಒಲಿಯುವುದಿಲ್ಲ. ಅದು ಕೈಯ ವಿದ್ಯೆ, ಪ್ರೋಬ್ ಎಲ್ಲಿ ಓರೆಯಾಯಿತು, ಎಲ್ಲಿ ಒತ್ತಿತು ಎಂಬುದರಲ್ಲೇ ಅರ್ಧ ಉತ್ತರ. ಮೆಕ್‌ಡೋವೆಲ್‌ನ ಬೆರಳು ಇನ್ನೂ ಬೇಕು.

ಅತ್ತೆಯ ಬೀರುವಿನಲ್ಲಿ ಬಟ್ಟೆ ಅಂಗಡಿಯ ಕವರೊಂದಿದೆ. 2009ರಲ್ಲಿ ಅವರಿಗೆ 42, ತಿಂಗಳು ತಿಂಗಳು ರಕ್ತ ಸುರಿದು ಮುಖ ಬೆಳ್ಳಗಾಗಿತ್ತು. ಸ್ಕ್ಯಾನಿಂಗ್‌ನಲ್ಲಿ 4.2 ಸೆಂಟಿಮೀಟರ್‌ನ ಗಡ್ಡೆ. ನೋಡಿದ ಒಬ್ಬರು ತೆಗೆಸಿಬಿಡಿ ಎಂದರು. ಇನ್ನೊಬ್ಬ ಡಾಕ್ಟರಮ್ಮ ಜಾಗ ನೋಡಿ, ಮಾತ್ರೆ ಕೊಟ್ಟು, ಕಬ್ಬಿಣದ ಗುಳಿಗೆ ಬರೆದು, ಆರು ತಿಂಗಳಿಗೊಮ್ಮೆ ಬನ್ನಿ ಎಂದರು. ಕೊಬ್ಬರಿ ಒಡೆಸುವ ಕಾಲ ಬೇರೆ, ಆಪರೇಷನ್ನಿಗೆ ಅತ್ತೆಗೆ ಪುರುಸೊತ್ತೂ ಇರಲಿಲ್ಲ. ಐವತ್ತಕ್ಕೆ ತಿಂಗಳು ನಿಂತಿತು. 2022ರಲ್ಲಿ ಬೇರೇನೋ ನೋವಿಗೆಂದು ಸ್ಕ್ಯಾನ್ ಮಾಡಿಸಿದಾಗ ಗಡ್ಡೆ 2.3. "ಹಳೇ ಫೋಟೋ ಇದ್ರೆ ತನ್ನಿ" ಎಂದು ಅಲ್ಲಿಯ ಹುಡುಗ ಕೇಳಿದ. ಕವರಿನಿಂದ 2009ರ ಹಾಳೆ ತೆಗೆದೆವು. ಆ ಥರ್ಮಲ್ ಕಾಗದದ ಮೇಲಿದ್ದ ಚಿತ್ರ ಬಿಸಿಲಿಗೂ ಬೀರುವಿನ ಬೇಗೆಗೂ ಮಾಸಿ ಪೂರ್ತಿ ಬೆಳ್ಳಗಾಗಿತ್ತು, ಅಂಚಿನಲ್ಲಿ ಯಾರೋ ಪೆನ್ನಿನಲ್ಲಿ ಬರೆದ 4.2 ಮಾತ್ರ ಉಳಿದಿತ್ತು.